ಹಿಮನದಿಗಳ ಕ್ಷಯವನ್ನು ಅಳೆಯುವ ಬಗೆ

ಉನ್ನತ ಪರ್ವತಗಳ ಮೇಲೆ ಬಿದ್ದ ಹಿಮವು ವರ್ಷವರ್ಷವೂ ಪದರುಪದರಾಗಿ ಕೂಡಿ, ತನ್ನ ಭಾರದಿಂದಲೇ ಗಡ್ಡೆಗಟ್ಟಿ, ಮೆಲ್ಲಮೆಲ್ಲನೆ ಕೆಳಕ್ಕೆ ಜರುಗುವುದು. ಇದನ್ನೇ ಹಿಮನದಿಯೆಂದು ಕರೆಯುವರು. ಗಂಗೋತ್ರಿಯ ಹಿಮನದಿಯು ಸುಮಾರು 30 ಕಿಲೋಮೀಟರು ಉದ್ದವಾಗಿದೆ. ಅದರ ತುದಿಯಾದ ಗೋಮುಖದಲ್ಲಿ ಭಾಗೀರಥಿ ನದಿಯು ಹುಟ್ಟುವುದು. ವಾಯುಮಂಡಲದ ಶಾಖವು ಹೆಚ್ಚುತ್ತಿರುವುದರಿಂದ ಇಂಥ ಹಿಮನದಿಗಳು ಕುಗ್ಗುತ್ತಿವೆ. ದುರ್ಗಮವಾದ ಆ ಸ್ಥಳಗಳನ್ನೆಲ್ಲ ನಡೆದು ಅಳೆಯುವುದು ಅಸಾಧ್ಯ. ಆದುದರಿಂದ, 1972ರಲ್ಲಿ ಆಕಾಶಕ್ಕೇರಿದ ಮೊದಲನೆಯ ಲ್ಯಾಂಡ್‌ಸ್ಯಾಟ್ ಮೊದಲ್ಗೊಂಡು, ಉಪಗ್ರಹಗಳು ತೆಗೆದ ಚಿತ್ರಗಳನ್ನು ಹೋಲಿಸಿ ನೋಡುವರು.

ಆದರೆ ಮೇರೆಯನ್ನು ನೋಡಿದ ಮಾತ್ರಕ್ಕೆ ನಷ್ಟವು ತಿಳಿಯದು. ಸಾಬೂನಿನ ಬಿಲ್ಲೆಯು ಅಗಲದಲ್ಲಿ ಅಷ್ಟಾಗಿ ಕುಗ್ಗದೆಯೇ ತೆಳ್ಳಗಾಗುವುದನ್ನು ನಾವು ನಿತ್ಯವೂ ಕಾಣುತ್ತೇವಷ್ಟೆ. ಹಿಮನದಿಯೂ ಹಾಗೆಯೇ. ಕಲ್ಲುಮಣ್ಣು ಮುಚ್ಚಿದ ಕಡೆ ಅದರ ಅಂಚನ್ನು ಗುರುತಿಸುವುದೇ ಕಷ್ಟ. ಆದಕಾರಣ ಒಂದೇ ಸ್ಥಳವನ್ನು ಎರಡು ಕೋನಗಳಿಂದ ಚಿತ್ರಿಸಿ, ನಮ್ಮ ಎರಡು ಕಣ್ಣುಗಳು ದೂರವನ್ನು ಅರಿಯುವಂತೆ, ಅದರ ಎತ್ತರವನ್ನು ಗಣಿಸುವರು. ಹಿಂದಿನ ಎತ್ತರದಿಂದ ಇಂದಿನದನ್ನು ಕಳೆದರೆ, ಗಡ್ಡೆಯು ಎಷ್ಟು ತೆಳುವಾಯಿತೆಂಬುದು ತಿಳಿಯುವುದು.

ಅಮೆರಿಕದವರು 1970ರ ದಶಕದಲ್ಲಿ ಗೂಢಚರ್ಯೆಗಾಗಿ ತೆಗೆದ ಉಪಗ್ರಹಚಿತ್ರಗಳು ಈ ಕಾರ್ಯಕ್ಕೆ ಒದಗಿಬಂದವು. 2019ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಹಿಮಾಲಯದ ಸುಮಾರು 650 ಹಿಮನದಿಗಳನ್ನು ಹೀಗೆ ಪರೀಕ್ಷಿಸಲಾಯಿತು. 1975ರಿಂದ 2000ದ ವರೆಗಿನ ವಾರ್ಷಿಕ ನಷ್ಟಕ್ಕಿಂತ, 2000ದಿಂದ 2016ರ ವರೆಗಿನ ವಾರ್ಷಿಕ ನಷ್ಟವು ಸುಮಾರು ಇಮ್ಮಡಿಯೆಂದು ಕಂಡುಬಂತು.

ಮಳೆಗೆ ಮುಂಚಿನ ಒಣ ತಿಂಗಳುಗಳಲ್ಲಿ ಈ ಹಿಮವೇ ಕರಗಿ ನದಿಗಳಿಗೆ ನೀರೊದಗಿಸುವುದು. ಗಡ್ಡೆಯು ಬೇಗ ಕರಗುವಾಗ ಕೆಲಕಾಲ ನೀರು ಹೆಚ್ಚಿ ಸಮೃದ್ಧಿಯಂತೆ ತೋರಬಹುದು; ವಾಸ್ತವವಾಗಿ ಅದು ಮೂಲಧನದ ವೆಚ್ಚವೇ ಸರಿ.