ಅವನ ಕಾಲ ನೋಡಲೇ

ಪ್ರಶ್ನೆ: ಸರ್, ನನ್ನ ಊರು ಮೂಡಲಗಿ. ಓದುವುದಕ್ಕೆಂದು ಹುಕ್ಕೇರಿಯ ಸೋದರಮಾವನ ಮನೆಯಲ್ಲಿದ್ದೇನೆ. ವಯಸ್ಸು ಹತ್ತೊಂಬತ್ತು. ಮಾವನ ಮಗನ ಪ್ಲೇಸ್ಟೇಷನ್ 5ರಲ್ಲಿ ದಿನಾ ಮೂರ್ನಾಲ್ಕು ತಾಸು ಟೆಕ್ಕನ್ 8 ಆಡುತ್ತೇನೆ. ಭಾನುವಾರ ಗೋಕಾಕದಲ್ಲಿ ನಾವು ಆರು ಮಂದಿ ಗೆಳೆಯರು ಸೇರುತ್ತೇವೆ. ಸೋತವನು ಕರದಂಟು ಕೊಡಿಸಬೇಕು ಎಂಬುದು ಪಂದ್ಯ. ಆರು ತಿಂಗಳಲ್ಲಿ ನಾನು ಕೊಡಿಸಿದ್ದು ಒಂದೇ ಸಲ. ಆದರೆ ಆನ್‌ಲೈನ್‌ಗೆ ಹೋದರೆ ಯಾರೋ ಗುರುತಿಲ್ಲದವರು ಬಂದು ಎರಡು ನಿಮಿಷದಲ್ಲಿ ಅಂಗಾತ ಕೆಡವಿ ಹೋಗುತ್ತಾರೆ. ರ್‍ಯಾಂಕ್ ಅಲ್ಲೇ ನಿಂತಿದೆ. ನನ್ನ ರಿಫ್ಲೆಕ್ಸ್ ಕಮ್ಮಿಯೇ? ಇದನ್ನು ಕಲಿಸುವವರು ನಮ್ಮ ಕಡೆ ಯಾರಾದರೂ ಇದ್ದಾರೆಯೇ?

ಉತ್ತರ: ತಮ್ಮಾ, ನಿನ್ನ ಕಾಯಿಲೆ ಕರದಂಟಿನ ಲೆಕ್ಕದಲ್ಲೇ ಸಿಕ್ಕಿತು. ಆರು ತಿಂಗಳು ಮಂದಿಯ ದುಡ್ಡಿನಲ್ಲಿ ಕರದಂಟು ತಿಂದವನ ಆಟ ಮುಂದೆ ಹೋಗುವುದು ಕಷ್ಟ. ಆ ಐದು ಜನರ ಚಟಗಳೆಲ್ಲ ನಿನಗೆ ಬಾಯಿಪಾಠವಾಗಿವೆ. ಒಬ್ಬನಿಗೆ ಗಾಬರಿಯಾದರೆ ಕಾಲು ಬೀಸುತ್ತಾನೆ, ಇನ್ನೊಬ್ಬ ನೆಲದಿಂದ ಏಳುತ್ತಲೇ ಏನನ್ನಾದರೂ ಒತ್ತುತ್ತಾನೆ, ಮತ್ತೊಬ್ಬನಿಗೆ ತಡೆಯುವುದೆಂದರೆ ಅವಮಾನ. ನಾನು ನೋಡಿಲ್ಲ, ಆದರೆ ಎಲ್ಲ ಬಳಗದಲ್ಲೂ ಇಂಥವರೇ ಇರುತ್ತಾರೆ. ನೀನು ಪಾಸಾಗಿರುವುದು ಆ ಐವರ ಪರೀಕ್ಷೆಯಲ್ಲಿ. ಟೆಕ್ಕನ್ ಪರೀಕ್ಷೆಗೆ ಇನ್ನೂ ಕೂತೇ ಇಲ್ಲ. ಆನ್‌ಲೈನ್‌ನಲ್ಲಿ ಎದುರಾಗುವವನು ನಿನ್ನದೇ ಪಾತ್ರವನ್ನು ಆಡುವ ನೂರಾರು ಮಂದಿಯನ್ನು ಕಂಡಿರುತ್ತಾನೆ. ನಿನ್ನ ಹುಕುಮಿನ ಎಕ್ಕ ಅವನಿಗೆ ಹಳೇ ಎಲೆ.

ನನ್ನದೊಂದು ಕಥೆ ಹೇಳುತ್ತೇನೆ. 1999ರ ಸುಮಾರು, ನಾನು ಗೋಕಾಕದಲ್ಲಿ ಹೈಸ್ಕೂಲು ಹುಡುಗ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕತ್ತಲೆ ಕೋಣೆಯಲ್ಲಿ ನಾಲ್ಕು ವಿಡಿಯೊ ಗೇಮ್ ಪೆಟ್ಟಿಗೆಗಳಿದ್ದವು. ರೂಪಾಯಿ ಹಾಕಿದರೆ ಒಂದು ಆಟ. ಮೂರರ ಮುಂದೆ ಯಾರೂ ಇರುತ್ತಿರಲಿಲ್ಲ, ನಾಲ್ಕನೆಯದರ ಮುಂದೆ ಸಂತೆ: ‘ಕಿಂಗ್ ಆಫ್ ಫೈಟರ್ಸ್ 97’. ಅಲ್ಲಿ ನನಗಿಂತ ಎರಡು ವರ್ಷ ದೊಡ್ಡವನೊಬ್ಬ ಜಿಗಿದು ಬಂದು ಎದೆಗೆ ಒದೆಯುವುದೊಂದೇ ವಿದ್ಯೆಯಿಂದ ನಮ್ಮೆಲ್ಲರ ರೂಪಾಯಿ ನುಂಗುತ್ತಿದ್ದ. ಒಂದು ಸಂಜೆ ನಮ್ಮ ಓಣಿಯ ತಾಲೀಮಿನ ವಸ್ತಾದರು, ಸಂಬಂಧದಲ್ಲಿ ನನಗೆ ಕಾಕಾ, ನನ್ನನ್ನು ಎಳೆದೊಯ್ಯಲು ಬಂದರು. ಮೊಣಕೈ ಮೇಲೆ ಅಖಾಡದ ಕೆಂಪು ಮಣ್ಣು ಇನ್ನೂ ಒಣಗಿರಲಿಲ್ಲ. ಬೈಯುತ್ತಾರೆಂದು ನಾನು ಕಿವಿ ಮುಚ್ಚಿಕೊಂಡರೆ ಅವರು ಹಿಂದೆ ನಿಂತು ಎರಡು ಸುತ್ತು ಸುಮ್ಮನೆ ನೋಡಿದರು.

“ನೀ ಯಾರನ್ನ ನೋಡಾಕತ್ತಿ?” ಎಂದರು.

“ನನ್ನ ಪೈಲ್ವಾನನ್ನ.”

“ಅವ ನಿನ್ನ ಕೈಯಾಗ ಅದಾನ, ಅವನ್ನೇನ ನೋಡ್ತಿ? ಅವನ ಕಾಲ ನೋಡಲೇ. ಜಿಗಿಯೂಕಿಂತ ಮೊದಲ ಒಂದ ಹೆಜ್ಜಿ ಹಿಂದ ಸರೀತಾನ.”

ನೋಡಿದೆ. ಹೌದು, ಪ್ರತಿ ಸಲವೂ ಒಂದು ಹೆಜ್ಜೆ ಹಿಂದೆ ಹೋಗುತ್ತಿದ್ದ. ಆ ಆಟವನ್ನೂ ನಾನು ಸೋತೆ, ಆದರೆ ಅವನ ಮೂರು ಜಿಗಿತಗಳನ್ನು ಗಾಳಿಯಲ್ಲೇ ಹೊಡೆದು ಕೆಡವಿದ್ದೆ. ನಾಲ್ಕನೆಯ ಸಲ ಜಿಗಿಯಲು ಅವನೇ ಹಿಂಜರಿದ. ಆ ಹಿಂಜರಿಕೆ ಕಣ್ಣಿಗೆ ಬಿದ್ದ ಗಳಿಗೆಯಲ್ಲೇ ಈ ಆಟ ಏನೆಂಬುದು ನನಗೆ ಅರ್ಥವಾದದ್ದು. ವಸ್ತಾದರು ಆಮೇಲೆ ಕಿವಿ ಹಿಂಡಿಯೇ ಕರೆದುಕೊಂಡು ಹೋದರು, ಅದು ಬೇರೆ ಮಾತು.

ಈಗ ನಿನ್ನ ರಿಫ್ಲೆಕ್ಸ್ ವಿಚಾರ. ಟೆಕ್ಕನ್ ಆಗಲಿ, ಸ್ಟ್ರೀಟ್ ಫೈಟರ್ ಆಗಲಿ, ಒಂದು ಸೆಕೆಂಡನ್ನು 60 ಚಿತ್ರಗಳಾಗಿ ಕತ್ತರಿಸುತ್ತದೆ. ಆ ಒಂದೊಂದು ತುಂಡಿಗೆ ಫ್ರೇಮ್ ಎನ್ನುತ್ತಾರೆ. ಕಣ್ಣಿಗೆ ಏನಾದರೂ ಬಿದ್ದು ಬೆರಳು ಗುಂಡಿ ಒತ್ತುವಷ್ಟರಲ್ಲಿ ಸಾಮಾನ್ಯ ಮನುಷ್ಯನಿಗೆ ಸೆಕೆಂಡಿನ ಐದನೇ ಒಂದು ಪಾಲೋ ನಾಲ್ಕನೇ ಒಂದು ಪಾಲೋ ಬೇಕು, ಅಂದರೆ 12ರಿಂದ 15 ಫ್ರೇಮ್. ಟೆಕ್ಕನ್‌ನಲ್ಲಿ ಬಹುತೇಕ ಪಾತ್ರಗಳ ಸಾದಾ ಜ್ಯಾಬ್ ಹೊರಟು ಮುಟ್ಟಲು ತೆಗೆದುಕೊಳ್ಳುವುದು 10 ಫ್ರೇಮ್. ಲೆಕ್ಕ ಹಾಕು: ನೋಡಿ ತಡೆಯುವುದು ಯಾರಿಂದಲೂ ಆಗದು. ಸ್ಟ್ರೀಟ್ ಫೈಟರ್ 6ರ ಡ್ರೈವ್ ಇಂಪ್ಯಾಕ್ಟ್ ಎಂಬ ಹೊಡೆತಕ್ಕೆ 26 ಫ್ರೇಮ್ ಬೇಕು. ಅದನ್ನು ನೋಡಿ ಉತ್ತರ ಕೊಡಬಹುದು, ಅದೂ ಬರುತ್ತದೆಂಬ ಗುಮಾನಿ ಮೊದಲೇ ಇದ್ದರೆ. ನಿನ್ನನ್ನು ಕೆಡವುವವನ ಕಣ್ಣು ನಿನಗಿಂತ ಚುರುಕಾಗಿರಬೇಕಾಗಿಲ್ಲ. ನೀನು ಯಾವಾಗ ಏನು ಮಾಡುತ್ತೀ ಎಂಬುದು ಅವನಿಗೆ ಮೊದಲ ಸುತ್ತಿನಲ್ಲೇ ಗೊತ್ತಾಗಿರುತ್ತದೆ. ಹ್ಯಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ, 2023ರಲ್ಲಿ, ಸ್ಟ್ರೀಟ್ ಫೈಟರ್ 5ರ ಚಿನ್ನ ಗೆದ್ದವರು ದಕ್ಷಿಣ ಕೊರಿಯಾದ ಕಿಮ್ ಗ್ವಾನ್-ವೂ. ಆಗ ಅವರಿಗೆ 44 ವರ್ಷ. ಹತ್ತೊಂಬತ್ತರ ನೀನು ರಿಫ್ಲೆಕ್ಸ್ ಕಮ್ಮಿ ಎಂದು ಅಳುವಂತಿಲ್ಲ.

2004ರ ಇವೋ ಪಂದ್ಯಾವಳಿಯ ಒಂದು ತುಣುಕು ಈಗಲೂ ಎಲ್ಲೆಡೆ ಓಡಾಡುತ್ತದೆ, ಸಿಕ್ಕರೆ ನೋಡು. ಜಪಾನಿನ ಡೈಗೊ ಉಮೆಹಾರ, ಅಮೆರಿಕದ ಜಸ್ಟಿನ್ ವಾಂಗ್. ಡೈಗೊನ ಪಾತ್ರಕ್ಕೆ ಕೂದಲೆಳೆಯಷ್ಟು ಜೀವ ಉಳಿದಿದೆ, ಬರೀ ತಡೆದರೂ ಸಾಯುತ್ತದೆ. ಜಸ್ಟಿನ್ ಸಾಲಾಗಿ 15 ಒದೆತದ ಸೂಪರ್ ಬಿಡುತ್ತಾನೆ. ಡೈಗೊ ಒಂದೊಂದಕ್ಕೂ ಸರಿಯಾದ ಗಳಿಗೆಯಲ್ಲಿ ಕೋಲನ್ನು ಮುಂದಕ್ಕೆ ತಳ್ಳಿ ಅಷ್ಟನ್ನೂ ಹೊಡೆದಟ್ಟಿ, ತಿರುಗಿ ಹೊಡೆದು ಗೆಲ್ಲುತ್ತಾನೆ. ಜನ ಕೂಗುವುದು ಅವನ ಕೈಚಳಕಕ್ಕೆ. ನನಗೆ ಮೆಚ್ಚುಗೆ ಅದಕ್ಕಿಂತ ಹಿಂದಿನ ಕೆಲವು ಸೆಕೆಂಡುಗಳ ಮೇಲೆ. ಆ ಸೂಪರ್ ಬಂದೇ ಬರುತ್ತದೆಂದು ಅವನು ದೂರ ನಿಂತು ಕಾಯುತ್ತಿದ್ದ. ಒದೆತಗಳ ತಾಳ ಅವನ ಬೆರಳಿಗೆ ಮೊದಲೇ ಇಳಿದಿತ್ತು.

ಆ ತಾಳ ಇಳಿಯುವುದು ಹೇಗೆ? ತಾಲೀಮಿನಲ್ಲಿ ದಿನಾ ನಿಕಾಲಿ ಕುಸ್ತಿ ಹಿಡಿಸುತ್ತಾರೇನು? ಒಂದೇ ಪಟ್ಟನ್ನು ನೂರು ಸಲ ಹಾಕಿಸುತ್ತಾರೆ, ಅದರ ಮರುಪಟ್ಟನ್ನು ಇನ್ನು ನೂರು ಸಲ. ನೀನು ನಾಲ್ಕು ತಾಸೂ ಕುಸ್ತಿ ಹಿಡಿಯುತ್ತಿದ್ದೀ, ಸಾಮು ಒಂದು ಗಳಿಗೆಯೂ ಇಲ್ಲ. ಹಾಗಾಗಿ ಒಂದು ಕೆಲಸ ಮಾಡು. ನಿನ್ನನ್ನು ಅತಿ ಹೆಚ್ಚು ಕೆಡವುವ ಹೊಡೆತ ಯಾವುದು? ಬಹುಶಃ ಹಾಪ್‌ಕಿಕ್, ಆ ಹಾರಿ ಎತ್ತಿ ಒದೆಯುವುದು. ಅದು ತಗುಲಿದರೆ ನೀನು ಗಾಳಿಗೆ ಹೋಗುತ್ತೀ, ಅವನು ಮನಸಾರೆ ಬಡಿಯುತ್ತಾನೆ. ಆದರೆ ತಡೆದುಬಿಟ್ಟರೆ? ಬಹಳಷ್ಟು ಪಾತ್ರಗಳ ಹಾಪ್‌ಕಿಕ್ ತಡೆಸಿಕೊಂಡಾಗ ಒದ್ದವನು ನಿನಗಿಂತ 13 ಫ್ರೇಮ್ ತಡವಾಗಿ ಚೇತರಿಸಿಕೊಳ್ಳುತ್ತಾನೆ. ನಿನ್ನ ಜ್ಯಾಬ್‌ಗೆ ಬೇಕಾದದ್ದು ಹತ್ತೇ. ಆ ಗಳಿಗೆಯಲ್ಲಿ ನೀನು ಒತ್ತಿದರೆ ಅವನು ಬ್ರಹ್ಮನಾದರೂ ತಪ್ಪಿಸಿಕೊಳ್ಳಲಾರ. ಕಾಲಿಗೆ ಕೈ ಹಾಕಿ ಪಟ್ಟು ತಪ್ಪಿದ ಪೈಲ್ವಾನ ಅರೆಗಳಿಗೆ ನಮ್ಮವನೇ ಆಗಿಬಿಡುವುದಿಲ್ಲವೇ, ಹಾಗೆ.

ಮಿಗುವುದು ಮೂರೇ ಫ್ರೇಮ್, ಸೆಕೆಂಡಿನ ಇಪ್ಪತ್ತನೇ ಒಂದು ಪಾಲು, ಅಷ್ಟರಲ್ಲಿ ಹೇಗೆ ಒತ್ತಲಿ ಎನ್ನುತ್ತೀ. ಗುಟ್ಟು ಇಲ್ಲಿದೆ: ತಡೆದ ಮೇಲೆ ನಿನ್ನ ಪಾತ್ರವೂ ಕೊಂಚ ಹೊತ್ತು ಮರಗಟ್ಟಿ ನಿಂತಿರುತ್ತದೆ. ‘ಧಪ್’ ಎಂಬ ತಡೆದ ಸಪ್ಪಳ ಕೇಳಿದ ಕೂಡಲೇ ತಯಾರಾಗಲು ಆ ಹೊತ್ತು ಸಾಕು. ಪ್ರಾಕ್ಟೀಸ್ ಮೋಡ್‌ಗೆ ಹೋಗಿ ಎದುರಿನ ಗೊಂಬೆಗೆ ಹಾಪ್‌ಕಿಕ್ ರೆಕಾರ್ಡ್ ಮಾಡಿ ಕೊಡು. ತಡೆ, ಜ್ಯಾಬ್. ತಡೆ, ಜ್ಯಾಬ್. ಬೇಜಾರು ಬರುವವರೆಗೆ ಮಾಡಿ, ಬೇಜಾರು ಬಂದ ಮೇಲೆ ಇನ್ನೊಂದಿಷ್ಟು ಮಾಡು. ಮರುದಿನ ಅದೇ ಗೊಂಬೆಗೆ ಹಾಪ್‌ಕಿಕ್, ಕಾಲಿಗೆ ಬೀಸುವುದು, ಎತ್ತಿ ಎಸೆಯುವುದು ಮೂರನ್ನೂ ರೆಕಾರ್ಡ್ ಮಾಡಿ, ಯಾವುದು ಯಾವಾಗ ಬರುತ್ತದೋ ಗೊತ್ತಾಗದಂತೆ ಬಿಡು. ಆಗ ಕಣ್ಣು ತಾನಾಗಿಯೇ ನಿನ್ನ ಪಾತ್ರವನ್ನು ಬಿಟ್ಟು ಅವನ ಕಾಲಿನ ಕಡೆ ಹೊರಳುತ್ತದೆ. ಅರ್ಧ ತಾಸು ಇದು, ಒಂದು ತಾಸು ಆಟ. ಉಳಿದ ಹೊತ್ತು ಓದು, ಮಾವನ ಮನೆಯಲ್ಲಿ ಮರ್ಯಾದೆಯೂ ಉಳಿಯುತ್ತದೆ.

ಸೋತ ಆಟಗಳ ರಿಪ್ಲೇ ನೋಡು, ಗೆದ್ದವು ಬೇಡ. ಟೆಕ್ಕನ್ 8ರಲ್ಲಿ ರಿಪ್ಲೇ ನಡುವೆಯೇ ಆಟವನ್ನು ನಿನ್ನ ಕೈಗೆ ತೆಗೆದುಕೊಂಡು, ಅಲ್ಲಿ ಬೇರೆ ಏನು ಮಾಡಬಹುದಿತ್ತು ಎಂದು ಪರೀಕ್ಷಿಸಬಹುದು. ನಮ್ಮ ಕಾಲದಲ್ಲಿ ಇದಿದ್ದರೆ ನನ್ನ ಎಷ್ಟೋ ರೂಪಾಯಿ ಉಳಿಯುತ್ತಿದ್ದವು. ಒಂದು ಸೋಲಿನಿಂದ ಒಂದೇ ತಪ್ಪನ್ನು ಹೆಕ್ಕಿ ನೋಟ್‌ಬುಕ್‌ನಲ್ಲಿ ಬರೆ. ಹತ್ತು ಬರೆದರೆ ಒಂದನ್ನೂ ತಿದ್ದುವುದಿಲ್ಲ. ಉದ್ದುದ್ದ ಕಾಂಬೊ ಕಲಿಯುವ ಹುಚ್ಚನ್ನೂ ಸದ್ಯಕ್ಕೆ ಕಟ್ಟಿಡು. ಮೊದಲ ಹೊಡೆತವೇ ತಗುಲದವನಿಗೆ ಹನ್ನೆರಡನೆಯ ಹೊಡೆತದ ಚಿಂತೆ ಯಾಕೆ?

ಯಂತ್ರದ ಮಾತು ಬೇಗ ಮುಗಿಸುತ್ತೇನೆ. ಘಟಪ್ರಭೆಯ ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವವರನ್ನು ನೋಡಿದ್ದೀಯಲ್ಲ, ಬಟ್ಟೆ ಕಲ್ಲಿಗೆ ಬಡಿದದ್ದು ಕಂಡ ಮೇಲೆ ಸಪ್ಪಳ ಬರುತ್ತದೆ. ಮನೆಯ ದೊಡ್ಡ ಟಿವಿಯಲ್ಲೂ ಹಾಗೇ. ನೀನು ಒತ್ತಿದ್ದು ಪರದೆಯ ಮೇಲೆ ಕಾಣುವಷ್ಟರಲ್ಲಿ ಚಿತ್ರವನ್ನು ಚಂದ ಮಾಡುವ ನೆಪದಲ್ಲಿ ಅದು ಹೊತ್ತು ತಿನ್ನುತ್ತದೆ. ಸೆಟ್ಟಿಂಗ್‌ನಲ್ಲಿ ‘ಗೇಮ್ ಮೋಡ್’ ಹಾಕು. ವೈಫೈ ಬಿಟ್ಟು ರೂಟರಿನಿಂದ ನೇರ ಕೇಬಲ್ ಎಳೆ. ಈ ಆಟ ಎದುರಿನವನು ಏನು ಒತ್ತುತ್ತಾನೆಂದು ಊಹಿಸುತ್ತ ಮುಂದೆ ಹೋಗಿ, ಊಹೆ ತಪ್ಪಿದರೆ ಹಿಂದೆ ಸರಿದು ತಿದ್ದಿಕೊಳ್ಳುತ್ತದೆ. ಅದಕ್ಕೆ ರೋಲ್‌ಬ್ಯಾಕ್ ಎನ್ನುತ್ತಾರೆ. ಬೆಂಗಳೂರಿನವನೊಡನೆ ಆಡುವಾಗ ಕಾಟ ಕೊಡುವುದು ದೂರಕ್ಕಿಂತ ಹೆಚ್ಚಾಗಿ ವೈಫೈನ ಏರಿಳಿತ. ಕರೆಂಟ್ ಹೋದರೆ ಮಾತ್ರ ನನ್ನ ಬಳಿ ಮದ್ದಿಲ್ಲ. ಹುಕ್ಕೇರಿಯವರಿಗೆ 1969ರಿಂದ ತಮ್ಮದೇ ಸಹಕಾರಿ ವಿದ್ಯುತ್ ಸಂಘ ಇದೆ, ಮಾವನನ್ನೇ ಕೇಳು.

ಇನ್ನು ಕಲಿಸುವವರ ಪ್ರಶ್ನೆ. ಹ್ಯಾಂಗ್‌ಝೌಗೆ ನಮ್ಮ ದೇಶದಿಂದ ಮಯಂಕ್ ಪ್ರಜಾಪತಿ, ಅಯಾನ್ ಬಿಸ್ವಾಸ್ ಇಬ್ಬರು ಸ್ಟ್ರೀಟ್ ಫೈಟರ್ ಆಡಲು ಹೋಗಿದ್ದರು. ಪದಕ ಬರಲಿಲ್ಲ. 2026ರ ಐಚಿ-ನಾಗೋಯಾ ಏಷ್ಯನ್ ಕ್ರೀಡಾಕೂಟದ ಪಟ್ಟಿಯಲ್ಲಿ ಟೆಕ್ಕನ್ 8 ಕೂಡ ಇದೆ. ಇವೆಲ್ಲ ಕೇಳಲು ಚೆನ್ನ, ಆದರೆ ಗೋಕಾಕಕ್ಕೆ ಕೋಚ್ ಬಂದು ಇಳಿಯುತ್ತಾನೆಂದು ಕಾಯಬೇಡ. ನಿನಗೆ ಹೇಳಬೇಕಾದದ್ದು ಲಾಹೋರಿನ ಸುದ್ದಿ. 2019ರಲ್ಲಿ ಜಪಾನಿನ ಇವೋ ಟೆಕ್ಕನ್ 7 ಪಂದ್ಯಾವಳಿಯನ್ನು ಅರ್ಸಲಾನ್ ಆ್ಯಶ್ ಎಂಬ ಪಾಕಿಸ್ತಾನದ ಹುಡುಗ ಗೆದ್ದಾಗ ಕೊರಿಯಾ, ಜಪಾನಿನ ಘಟಾನುಘಟಿಗಳು ಕಣ್ಣುಜ್ಜಿಕೊಂಡರು. ನನ್ನಂಥವರು ಊರಲ್ಲಿ ಇನ್ನೂ ಇದ್ದಾರೆ ಎಂದ ಅವನು. ಅದೇ ವರ್ಷ ಲಾಸ್ ವೇಗಸ್‌ನ ಇವೋ ಫೈನಲ್‌ನಲ್ಲಿ ಕೊರಿಯಾದ ದಿಗ್ಗಜ ‘ನೀ’ (Knee) ಎಂಬವನನ್ನೂ ಮಣಿಸಿದ. 2023 ಮತ್ತು 2024ರಲ್ಲಿ ಮತ್ತೆ ಗೆದ್ದ.

ಆ ಹುಡುಗರು ಬೆಳೆದದ್ದು ಅಕ್ಕಪಕ್ಕ ಮೊಣಕೈ ತಾಗುವಂತೆ ಕೂತು ಆಡುವ ಅಂಗಡಿಗಳಲ್ಲಿ. ಅಲ್ಲಿ ಗುಟ್ಟು ಒಂದು ವಾರಕ್ಕಿಂತ ಹೆಚ್ಚು ಬಾಳುವುದಿಲ್ಲ. ಇವತ್ತು ನಾನು ಒಂದು ಹೊಸ ಪಟ್ಟಿನಿಂದ ಗೆದ್ದರೆ ಮುಂದಿನ ವಾರ ಹತ್ತು ಮಂದಿಯ ಬಳಿ ಅದರ ಮರುಪಟ್ಟು ಇರುತ್ತದೆ, ನಾನು ಮತ್ತೊಂದನ್ನು ಹುಡುಕಲೇಬೇಕು. ನಿಮ್ಮ ಭಾನುವಾರದ ಬಳಗದಲ್ಲಿ ನಡೆಯದೇ ಇರುವುದು ಇದೇ. ಆರು ತಿಂಗಳಿಂದ ನಿನ್ನ ಗುಟ್ಟು ನಿನ್ನಲ್ಲೇ ಇದೆ, ಅವರ ಸೋಲು ಅವರಲ್ಲೇ ಇದೆ, ಎರಡೂ ಬೂಸ್ಟು ಹಿಡಿಯುತ್ತಿವೆ. ಅವರು ಬಲಿತರೆ ನೀನು ಬಲಿಯುತ್ತೀ. ಸಂಕೇಶ್ವರದ ಕಡೆಯಿಂದಲೋ, ನಿಪ್ಪಾಣಿ ದಾಟಿ ಕೊಲ್ಲಾಪುರದಿಂದಲೋ ಆಡುವವರು ಸಿಕ್ಕರೆ ಅವರನ್ನೂ ಕರೆ. ಕುಸ್ತಿಗೆ ಹಿಂದಿನಿಂದಲೂ ಆ ದಾರಿಯಲ್ಲಿ ಜೋಡಿಗಳು ಬರುತ್ತಿದ್ದವಲ್ಲ. ದುಡ್ಡು ಕಟ್ಟಿ ಆಡುವ ಮಾತು ಯಾರಾದರೂ ಎತ್ತಿದರೆ ಮಾತ್ರ ಎದ್ದು ಬಾ. ಹಣ ಹೂಡಿ ಹಣ ಗೆಲ್ಲುವ ಆನ್‌ಲೈನ್ ಆಟಗಳನ್ನು 2025ರ ಕೇಂದ್ರ ಕಾಯ್ದೆ ನಿಷೇಧಿಸಿದೆ. ಇ-ಸ್ಪೋರ್ಟ್ಸ್ ಬೇರೆ ಎಂದು ಅದೇ ಕಾಯ್ದೆ ಗುರುತಿಸಿದೆ, ಆ ಗೆರೆಯ ಈಚೆಗೇ ಇರು.

ಕರದಂಟಿಗೆ ಅಡ್ಡಿಯಿಲ್ಲ. ಆದರೆ ನಿಯಮ ಸ್ವಲ್ಪ ಬದಲಿಸು. ಗೆದ್ದವನು ಪೊಟ್ಟಣ ಬಿಚ್ಚುವ ಮೊದಲು, ಸೋತವನ ಯಾವ ಚಟ ಹಿಡಿದು ಗೆದ್ದೆ ಎಂಬುದನ್ನು ಎಲ್ಲರೆದುರು ಹೇಳಬೇಕು. ಹೇಳಲು ಬಾರದಿದ್ದರೆ ದುಡ್ಡು ಅವನದೇ. ಮೊದಲ ಭಾನುವಾರ ನೀನೇ ತೆಗೆಯಬೇಕಾದೀತು, ಜೇಬಿನಲ್ಲಿ ಇಟ್ಟುಕೊಂಡೇ ಹೋಗು.