ರೈಲು ಬಂಡಿಯನ್ನು ನೋಡುವ ಹವ್ಯಾಸವೂ ಗೇಟಿನ ಕಟ್ಟಳೆಯೂ

ರೈಲು ಬಂಡಿಯನ್ನು ಕಂಡು ಹಿಗ್ಗದ ಮಕ್ಕಳು ವಿರಳ. ಆ ಹಿಗ್ಗನ್ನು ಹಿರಿಯರು ಗದರಿಸಿ ಅಡಗಿಸಬೇಕಾದುದಿಲ್ಲ. ತಕ್ಕ ದಾರಿಗೆ ತಿರುಗಿಸಿದರೆ ಅದೇ ಒಂದು ವಿದ್ಯೆಯಾಗುವುದು. ಇದು ಗಂಡುಮಕ್ಕಳಿಗೆ ಮಾತ್ರ ಸಲ್ಲುವ ಹವ್ಯಾಸವೆಂದು ಎಣಿಸುವವರೂ ಉಂಟು. ಆದರೆ ಇಂಗ್ಲೆಂಡಿನಲ್ಲಿ 1861ನೆಯ ಇಸವಿಯಲ್ಲಿಯೇ ಫ್ಯಾನಿ ಜಾನ್ಸನ್ ಎಂಬ 14 ವಯಸ್ಸಿನ ಬಾಲಿಕೆಯು, ತಾನು ಕಂಡ ಗ್ರೇಟ್ ವೆಸ್ಟರ್ನ್ ರೈಲ್ವೆಯ ಇಂಜಿನುಗಳ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದಳು. ಈ ಹವ್ಯಾಸದ ಅತಿ ಹಳೆಯ ದಾಖಲೆಗಳಲ್ಲಿ ಅದೊಂದು. ಅದೇ ದೇಶದಲ್ಲಿ 1942ರಲ್ಲಿ ಇಯಾನ್ ಆಲನ್ ಎಂಬವರು ಇಂಜಿನುಗಳ ಅಂಕೆಗಳ ಕಿರುಹೊತ್ತಗೆಯನ್ನು ಅಚ್ಚು ಹಾಕಿಸಿದ ಮೇಲೆ ಈ ಹವ್ಯಾಸವು ಬಹಳವಾಗಿ ಹಬ್ಬಿತು.

ನಮ್ಮ ದೇಶದ ಬಂಡಿಗಳಲ್ಲಿಯೂ ಓದಿ ತಿಳಿಯತಕ್ಕದ್ದು ಬೇಕಾದಷ್ಟಿದೆ. ಇಂಜಿನಿನ ಮೇಲೆ ಬರೆದಿರುವ ಇಂಗ್ಲಿಷ್ ಅಕ್ಷರಗಳನ್ನೇ ನೋಡಿರಿ. ಡಬ್ಲ್ಯೂ ಎಂದರೆ ಅಗಲ ಹಳಿಯದು. ಎ ಎಂದರೆ ಮೇಲಣ ತಂತಿಯ ವಿದ್ಯುತ್ತಿನಿಂದ ನಡೆಯುವುದು, ಡಿ ಎಂದರೆ ಡೀಸೆಲ್ ಎಣ್ಣೆಯಿಂದ ನಡೆಯುವುದು. ಪಿ ಎಂದರೆ ಪ್ರಯಾಣಿಕರಿಗಾಗಿ, ಜಿ ಎಂದರೆ ಸರಕಿಗಾಗಿ, ಎಂ ಎಂದರೆ ಎರಡಕ್ಕೂ. ಕಡೆಯ ಡಬ್ಬಿಯ ಬೆನ್ನಿನ ಮೇಲೆ ಗುಣಾಕಾರದ ಚಿಹ್ನೆಯಂತೆ ದೊಡ್ಡದೊಂದು ಗುರುತು ಇರುವುದು. ಬಂಡಿಯು ನಡುವೆ ತುಂಡಾಗದೆ ಪೂರ್ತಿಯಾಗಿ ಬಂದಿತೆಂದು ರೈಲ್ವೆಯವರು ಅದನ್ನು ನೋಡಿ ತಿಳಿಯುತ್ತಾರೆ.

ಇನ್ನು ಸಿಗ್ನಲಿನ ವಿಷಯ. ಹಿಂದೆ ಎಲ್ಲೆಲ್ಲಿಯೂ ಇದ್ದ ಕೈಮರದ ತೋಳು ಅಡ್ಡಲಾಗಿ ಚಾಚಿದ್ದರೆ ನಿಲ್ಲಬೇಕೆಂತಲೂ, ಕೆಳಕ್ಕೆ ಬಾಗಿದ್ದರೆ ಹೋಗಬಹುದೆಂತಲೂ ಅರ್ಥ. ಈಗ ಬಹುತರವಾಗಿ ಬಣ್ಣದ ದೀಪಗಳೇ ಆ ಕೆಲಸವನ್ನು ಮಾಡುತ್ತವೆ. ಕೆಂಪು ಕಂಡರೆ ನಿಲ್ಲಬೇಕು. ಒಂದು ಹಳದಿ ಕಂಡರೆ ಮುಂದಿನ ಸಿಗ್ನಲಿನ ಬಳಿ ನಿಲ್ಲಲು ಸಿದ್ಧವಾಗಿ ಸಾಗಬೇಕು. ಎರಡು ಹಳದಿ ಕಂಡರೆ ಮುಂದಿನ ಸಿಗ್ನಲನ್ನು ವೇಗ ತಗ್ಗಿಸಿ ದಾಟಲು ಸಿದ್ಧವಾಗಿರಬೇಕು. ಹಸುರು ಕಂಡರೆ ತಡೆಯಿಲ್ಲ.

ಇಷ್ಟನ್ನು ಅರಿತವರಿಗೆ, ಬಂಡಿಯ ಸುಳಿವೇ ಇಲ್ಲದಿರುವಾಗಲೂ ಗೇಟನ್ನು ಮುಚ್ಚುವುದೇಕೆಂಬ ಪ್ರಶ್ನೆಗೆ ಉತ್ತರವು ತಾನಾಗಿಯೇ ತಿಳಿಯುವುದು. ಸಿಗ್ನಲಿಗೆ ಜೋಡಿಸಲ್ಪಟ್ಟ ಗೇಟುಗಳಲ್ಲಿ, ಗೇಟು ಮುಚ್ಚಿ ಬೀಗ ಬಿದ್ದ ಹೊರತು ಬಂಡಿಗೆ ಹೋಗಬಹುದೆಂಬ ಗುರುತು ದೊರೆಯದು. ಆ ಗುರುತು ಕೊಟ್ಟಿರುವ ತನಕ ಗೇಟು ತೆರೆಯದು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಚಕ್ರಕ್ಕೆ ಹಿಡಿತವು ಕಡಿಮೆ. ಆದುದರಿಂದ ವೇಗವಾಗಿ ಬರುವ ಭಾರದ ಬಂಡಿಯು ನಿಲ್ಲಬೇಕಾದರೆ ನೂರಾರು ಮೀಟರುಗಳ ದೂರ ಬೇಕು. ಅಷ್ಟು ದೂರದಿಂದಲೇ ಚಾಲಕನಿಗೆ ದಾರಿ ನಿರ್ಬಾಧವೆಂದು ಕಾಣಬೇಕು. ಅದಕ್ಕೂ ಮುಂಚೆಯೇ ಗೇಟು ಮುಚ್ಚಿರಬೇಕು. ನಾವು ಗೇಟಿನ ಬಳಿ ಕಳೆಯುವ ಆ ಕೆಲವು ನಿಮಿಷಗಳು ಯಾರ ಅಸಡ್ಡೆಯಿಂದಲೂ ಆದುವಲ್ಲ. ಅವು ಬಂಡಿಗೆ ನಿಲ್ಲಲು ಬೇಕಾದ ದೂರದ ಲೆಕ್ಕವೇ ಆಗಿವೆ.

ಈ ಲೆಕ್ಕವನ್ನು ಮರೆತು ಗೇಟಿನ ಕೆಳಗೆ ನುಸುಳುವವರು ತಮ್ಮ ಕಣ್ಣನ್ನು ನಂಬುತ್ತಾರೆ. ಆದರೆ ಇಲ್ಲಿ ಕಣ್ಣೇ ಮೋಸ ಮಾಡುವುದು. ದೊಡ್ಡ ಗಾತ್ರದ ವಸ್ತುವು ನಿಜಕ್ಕಿಂತ ಮೆಲ್ಲಗೆ ಬರುವಂತೆ ತೋರುತ್ತದೆ. ಗಂಟೆಗೆ 100 ಕಿಲೋಮೀಟರು ಓಡುವ ಬಂಡಿಯು ಒಂದು ಸೆಕೆಂಡಿಗೆ ಸುಮಾರು 28 ಮೀಟರು ಮುಂದರಿಯುವುದು. ಹಾಗಾದರೆ 280 ಮೀಟರು ದೂರದಲ್ಲಿ ಕಂಡದ್ದು 10 ಸೆಕೆಂಡುಗಳಲ್ಲಿ ಮೈಮೇಲೆ ಬಂದಿರುವುದು. ಜೋಡಿ ಹಳಿಯಿರುವಲ್ಲಿ ಒಂದು ಬಂಡಿಯ ಮರೆಯಿಂದ ಎದುರು ದಿಕ್ಕಿನ ಇನ್ನೊಂದು ಬರಬಹುದು. ಮೊದಲನೆಯದರ ಸದ್ದಿನಲ್ಲಿ ಎರಡನೆಯದರ ಸದ್ದು ಅಡಗಿಹೋಗುವುದು.

ಅಗಲ ಹಳಿಯ ಮಾರ್ಗಗಳಲ್ಲಿ ಕಾವಲಿಲ್ಲದ ದಾಟುಗಳೆಲ್ಲವನ್ನೂ 2019ರ ಜನವರಿಯೊಳಗೆ ತೆಗೆದುಹಾಕಿರುವರು. ಅಧಿಕಾರವಿಲ್ಲದೆ ಮುಚ್ಚಿದ ಗೇಟನ್ನು ತೆರೆದವರಿಗೆ 1989ರ ರೈಲ್ವೆ ಕಾಯಿದೆಯ ಮೇರೆಗೆ 3 ವರ್ಷಗಳ ತನಕ ಸೆರೆವಾಸವುಂಟು. ಆದರೆ ಕಾವಲುಗಾರನಾಗಲಿ ಕಾಯಿದೆಯಾಗಲಿ, ನಮ್ಮ ತಾಳ್ಮೆಯ ಕೆಲಸವನ್ನು ಮಾಡಲಾರವು.

ಆದಕಾರಣ ತಾಯಿತಂದೆಗಳಲ್ಲಿ ನಮ್ಮ ಬಿನ್ನಹವೇನಂದರೆ: ಮಕ್ಕಳಿಗೆ ಒಂದು ಟಿಪ್ಪಣಿ ಪುಸ್ತಕವನ್ನು ಕೊಡಿರಿ. ದಿನ, ವೇಳೆ, ಬಂಡಿಯ ಅಂಕೆ, ಇಂಜಿನಿನ ಅಕ್ಷರ, ಡಬ್ಬಿಗಳ ಎಣಿಕೆ, ಇವನ್ನು ಅವರು ಬರೆಯಲಿ. ನಿಲ್ಲುವ ಸ್ಥಳ ಮಾತ್ರ ಪ್ಲಾಟ್‌ಫಾರಮಿನ ಹಳದಿ ಗೆರೆಯ ಹಿಂದೆ, ಇಲ್ಲವೆ ಗೇಟಿನ ಹೊರಗೆ ಇರಲಿ. ಚಿತ್ರ ತೆಗೆಯುವ ನೆವದಿಂದ ಹಳಿಗೆ ಇಳಿಯಕೂಡದು. ಮುಚ್ಚಿದ ಗೇಟಿನ ಮುಂದೆ ಹಿರಿಯರು ಗೊಣಗದೆ ಕಾಯುತ್ತಾ, ಬರುವ ಬಂಡಿಯ ಇಂಜಿನು ಯಾವುದೆಂದು ಮಗುವನ್ನು ಕೇಳಿದರೆ, ಕಾಯುವಿಕೆಯೇ ಅದಕ್ಕೆ ಪಾಠವೂ ಆಟವೂ ಆಗುವುದು. ಹೀಗೆ ನೋಡಲು ಕಲಿತ ಮಗುವು ಒಂಟಿಯಾಗಿ ಹೋಗುವ ದಿನದಲ್ಲಿಯೂ ಗೇಟಿನ ಹೊರಗೆ ನಿಲ್ಲುವುದು.