ಬೋರ್ಡಿನ ಕಾಗದ



ನಮ್ಮ ತೆಲಿಗಿ ಕಡೆಯಿಂದ ಮಿಲಿಟರಿಗೆ ಹೋದ ಮಕ್ಕಳಿದ್ದಾರೆ. ಕೊಟ್ಟೂರು, ಕೂಡ್ಲಿಗಿ, ಹಡಗಲಿ ಕಡೆಯಿಂದಲೂ ಇದ್ದಾರೆ. ಹೋಗುವಾಗ ಹಾರ ಹಾಕಿ ಕಳಿಸುತ್ತೇವೆ. ನಿವೃತ್ತಿಯಾಗಿ ಬಂದರೆ ಮೆರವಣಿಗೆ ಮಾಡುತ್ತೇವೆ. ಆದರೆ ನಡುವೆಯೇ ಕಾಲು ಮುರಿದು ಬಂದವನಿಗೆ, ಕಿವಿ ಕೇಳದೆ ಬಂದವನಿಗೆ, ಮನಸ್ಸಿಗೆ ಪೆಟ್ಟಾಗಿ ಬಂದವನಿಗೆ ಮೆರವಣಿಗೆ ಇಲ್ಲ. ಅವನ ಕೈಯಲ್ಲಿ ಒಂದು ಕಾಗದದ ಕಟ್ಟು ಇರುತ್ತದೆ. ಇಂದಿನ ಪಾಠ ಆ ಕಟ್ಟಿನದು.

ಒಂದು ಮನೆಯ ಮಾತು ಕೇಳಿ. ಮಗ ಬೆಂಗಳೂರಿನ ಮಿಲಿಟರಿ ಆಸ್ಪತ್ರೆಯಲ್ಲಿದ್ದಾನೆ. ಸೊಸೆಗೆ ಫೋನು ಬಂತು.

"ಏನಂತವ್ವಾ?" ಅತ್ತೆ ಕೇಳಿದಳು.

"ಬರೋ ವಾರ ಬೋರ್ಡು ಐತಂತ್ರಿ ಅತ್ತಿ."

"ಬೋರ್ಡು ಅಂದ್ರ? ಕೋರ್ಟು ಇದ್ದಂಗಾ?"

"ಅಲ್ರಿ. ಡಾಕ್ಟ್ರು ಮೂರು ಮಂದಿ ಕುಂತು ನೋಡ್ತಾರಂತ. ಕಾಲು ಎಷ್ಟು ಹೋಗೇತಿ, ಯಾಕ ಹೋತು ಅಂತ ಬರೀತಾರಂತ."

"ಕಾಲು ಹೋಗಿದ್ದು ಕಣ್ಣಿಗೆ ಕಾಣ್ತೈತಲ್ಲ. ಬರಿಯೋದೇನೈತಿ ಅದರಾಗ?"

ಅತ್ತೆ ಕೇಳಿದ್ದು ಸರಿಯಾದ ಪ್ರಶ್ನೆ. ಬರೆಯುವುದರಲ್ಲೇ ಎಲ್ಲ ಇದೆ.

ಬೋರ್ಡು ಎಂದರೆ ವೈದ್ಯಕೀಯ ಮಂಡಳಿ. ಸಾಮಾನ್ಯವಾಗಿ ಸೇನೆಯ ಮೂವರು ವೈದ್ಯರು ಇರುತ್ತಾರೆ. ಬೆಂಗಳೂರಿನ ಕಮಾಂಡ್ ಆಸ್ಪತ್ರೆ, ಬೆಳಗಾವಿಯ ಮಿಲಿಟರಿ ಆಸ್ಪತ್ರೆ, ಇಂಥ ಕಡೆ ಬೋರ್ಡು ಕೂಡುತ್ತದೆ. ಮೊದಲು ಆಯಾ ರೋಗದ ತಜ್ಞರು ನೋಡಿ ಬರೆಯುತ್ತಾರೆ. ಆಮೇಲೆ ಬೋರ್ಡು ಬರೆಯುತ್ತದೆ. ಸೇವೆಯ ನಡುವೆ 'ಇನ್ನು ಇವನಿಂದ ಆಗದು' ಎಂದು ಮನೆಗೆ ಕಳಿಸುವ ಬೋರ್ಡು ಒಂದು. ಅವಧಿ ಮುಗಿಸಿ ಬರುವಾಗ ದೇಹ ನೋಡಿ ಕಳಿಸುವ ಬೋರ್ಡು ಇನ್ನೊಂದು. ಯಾವ ಬೋರ್ಡು ಎಂದು ಮೊದಲು ಕೇಳಿ ತಿಳಿದುಕೊಳ್ಳಿ. ಪಿಂಚಣಿಯ ಲೆಕ್ಕ ಅದರ ಮೇಲೆ ನಿಂತಿದೆ.

ಕಾಗದದಲ್ಲಿ ಐದು ಇಂಗ್ಲಿಷ್ ಅಕ್ಷರ ಕಾಣುತ್ತವೆ. ಎಸ್, ಎಚ್, ಎ, ಪಿ, ಇ. ಸೇರಿಸಿ ಓದಿದರೆ 'ಶೇಪ್'. ಎಸ್ ಅಂದರೆ ಮನಸ್ಸು. ಎಚ್ ಅಂದರೆ ಕಿವಿ. ಎ ಅಂದರೆ ಕೈಕಾಲು. ಪಿ ಅಂದರೆ ಒಳಗಿನ ದೇಹ. ಇ ಅಂದರೆ ಕಣ್ಣು. ಅಕ್ಷರದ ಪಕ್ಕದಲ್ಲಿ ಒಂದು ಅಂಕಿ ಇರುತ್ತದೆ. 1 ಇದ್ದರೆ ಎಲ್ಲ ಸರಿ. 5 ಇದ್ದರೆ ಸೇನೆಯ ಕೆಲಸಕ್ಕೆ ಆಗದು. ಅಂಕಿ ಓದಲು ನಿಮಗೆ ಬರುತ್ತದೆ. ಐದು ಅಕ್ಷರ ಕಲಿಯುವುದು ಎಷ್ಟು ಹೊತ್ತು?

ಬೋರ್ಡಿನ ಕಾಗದದಲ್ಲಿ ಸಿಪಾಯಿಯೇ ಹೇಳಿ ಸಹಿ ಮಾಡುವ ಒಂದು ಭಾಗವಿದೆ. ಎಲ್ಲೆಲ್ಲಿ ಕೆಲಸ ಮಾಡಿದೆ? ಈ ರೋಗ ಮೊದಲು ಯಾವಾಗ ಬಂತು? ಯಾವ ಊರಲ್ಲಿದ್ದಾಗ ಬಂತು? ಸೇನೆಗೆ ಸೇರುವ ಮೊದಲು ಇತ್ತೆ? ಇವು ಅಲ್ಲಿನ ಪ್ರಶ್ನೆಗಳು.

ಇಲ್ಲಿ ಬಹಳ ಎಚ್ಚರ ಬೇಕು. ನಮ್ಮ ಮಂದಿಗೆ ಒಂದು ಮಾತಿನ ರೂಢಿ ಇದೆ. "ಅವನು ಸಣ್ಣವನಿದ್ದಾಗಿಂದ ಹಿಂಗss ರೀ" ಎಂದು ಬಿಡುತ್ತೇವೆ. ಮೂರು ವರ್ಷದವನಿದ್ದಾಗ ಜ್ವರ ನೆತ್ತಿಗೇರಿ ಒಮ್ಮೆ ಮೈ ನಡುಗಿರುತ್ತದೆ. ತಾಯಿ ಅದನ್ನು ನೆನೆದು 'ಆಗಲೇ ಫಿಟ್ಸ್ ಇತ್ತು' ಎನ್ನುತ್ತಾಳೆ. ಆ ಮಾತು ಕಾಗದಕ್ಕೆ ಹೋದರೆ ಅಳಿಸುವುದು ಕಷ್ಟ. ಸುಳ್ಳು ಹೇಳಿ ಎಂದು ಹೇಳುತ್ತಿಲ್ಲ. ಇದ್ದದ್ದನ್ನು ಇದ್ದಷ್ಟೇ ಹೇಳಿ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ.

ಮುಚ್ಚಿಡುವುದೂ ತಪ್ಪು. ಮನಸ್ಸಿನ ರೋಗವಾದರೆ 'ಊರಲ್ಲಿ ಹುಚ್ಚ ಅಂದಾರು' ಎಂದು ಮನೆಯವರು ಮುಚ್ಚುತ್ತಾರೆ. ನಿದ್ದೆ ಇಲ್ಲ, ರಾತ್ರಿ ಚೀರುತ್ತಾನೆ ಎಂಬುದನ್ನು ವೈದ್ಯರಿಗೂ ಹೇಳುವುದಿಲ್ಲ. ಹೇಳದ ರೋಗ ಕಾಗದಕ್ಕೆ ಬರುವುದಿಲ್ಲ. ಕಾಗದದಲ್ಲಿ ಇಲ್ಲದ ರೋಗಕ್ಕೆ ಪಿಂಚಣಿಯೂ ಇಲ್ಲ.

ಈಗ ಮುಖ್ಯ ಮಾತಿಗೆ ಬರೋಣ. ಬೋರ್ಡು ಎರಡು ಪ್ರಶ್ನೆಗೆ ಉತ್ತರ ಬರೆಯುತ್ತದೆ. ಎಷ್ಟು? ಯಾಕೆ?

'ಎಷ್ಟು' ಎಂಬುದು ನೂರಕ್ಕೆ ಎಷ್ಟು ಪಾಲು ಊನ ಎಂಬ ಲೆಕ್ಕ. 20 ಇರಬಹುದು, 40 ಇರಬಹುದು, 100 ಇರಬಹುದು. 20ಕ್ಕಿಂತ ಕಡಿಮೆ ಬರೆದರೆ ಊನದ ಹಣ ಸಾಮಾನ್ಯವಾಗಿ ಸಿಗುವುದಿಲ್ಲ.

ಎಲ್ಲರೂ ಈ ಅಂಕಿಯನ್ನೇ ನೋಡುತ್ತಾರೆ. ನನ್ನ ಕೇಳಿದರೆ ಎರಡನೆಯ ಪ್ರಶ್ನೆಯೇ ದೊಡ್ಡದು. ಈ ಊನ ಸೇವೆಯಿಂದ ಬಂತೆ? ಮೊದಲೇ ಇದ್ದದ್ದು ಸೇವೆಯಿಂದ ಹೆಚ್ಚಾಯಿತೆ? ಎರಡರಲ್ಲಿ ಒಂದಕ್ಕೆ 'ಹೌದು' ಎಂದಿದ್ದರೆ ದಾರಿ ತೆರೆಯುತ್ತದೆ. ಎರಡಕ್ಕೂ 'ಇಲ್ಲ' ಎಂದರೆ ಅಂಕಿ 80 ಇದ್ದರೂ ಊನದ ಪಿಂಚಣಿ ನಿಲ್ಲುತ್ತದೆ. ಎರಡೂ ಅಲ್ಲ ಎಂಬುದನ್ನು ಇಂಗ್ಲಿಷಿನಲ್ಲಿ ನಾಲ್ಕು ಅಕ್ಷರಕ್ಕೆ ಇಳಿಸಿ ಬರೆಯುತ್ತಾರೆ: ಎನ್, ಎ, ಎನ್, ಎ. ಸೇರಿಸಿ ಓದಿದರೆ 'ನಾನಾ'. ನಮ್ಮ ಭಾಷೆಯಲ್ಲಿ ನಾನಾ ಎಂದರೆ ಹಲವು. ಅಲ್ಲಿ ನಾನಾ ಎಂದರೆ ಏನೂ ಇಲ್ಲ! (ಪೂರ್ತಿ ಏನೂ ಇಲ್ಲ ಎಂದಲ್ಲ. ಅಸಾಮರ್ಥ್ಯದ ಪಿಂಚಣಿ ಎಂಬ ಬೇರೊಂದು ಪಿಂಚಣಿ ಕೆಲವರಿಗೆ ಉಂಟು. ಅದನ್ನೂ ಕೇಳಿ.)

ಈ 'ಇಲ್ಲ' ಎಂಬ ಒಂದು ಮಾತಿಗೆ ಒಬ್ಬ ಸಿಪಾಯಿ 19 ವರ್ಷ ಕಾದ. ಅವನ ಹೆಸರು ಧರಮ್‌ವೀರ್ ಸಿಂಗ್. 1985ರಲ್ಲಿ ಸೇನೆಯ ಸಿಗ್ನಲ್ ವಿಭಾಗ ಸೇರಿದ. ಸುಮಾರು 9 ವರ್ಷ ದುಡಿದ. ಮೂರ್ಛೆರೋಗ ಬಂತು. 1994ರ ಏಪ್ರಿಲ್ 1ರಿಂದ ಮನೆಗೆ ಕಳಿಸಿದರು. ಊನ 20 ಎಂದು ಬರೆದರು. ಆದರೆ ರೋಗ ಸೇವೆಯಿಂದ ಬಂದದ್ದಲ್ಲ, ಅವನ ದೇಹದ ಗುಣ ಎಂದರು. ಪಿಂಚಣಿ ಇಲ್ಲವೆಂದಾಯಿತು. ಅವನು ಬಿಡಲಿಲ್ಲ. 2013ರ ಜುಲೈನಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಕೋರ್ಟು ಹೇಳಿದ್ದರ ತಿರುಳು ಇಷ್ಟು: ಸೇರುವಾಗ ನೀವೇ ಪರೀಕ್ಷೆ ಮಾಡಿದಿರಿ. ಆಗ ಯಾವ ರೋಗವನ್ನೂ ಬರೆಯಲಿಲ್ಲ. ಈಗ ಸೇವೆಯಿಂದ ಅಲ್ಲ ಎನ್ನುವುದಾದರೆ ಕಾರಣ ಕೊಡಬೇಕು. ಕಾರಣ ಕೊಡದಿದ್ದರೆ ಸೇವೆಯಿಂದ ಬಂತೆಂದೇ ತಿಳಿಯಬೇಕು. ಅವನಿಗೆ ಪಿಂಚಣಿ ಸಿಕ್ಕಿತು. ಆಮೇಲೆ ಎಷ್ಟೋ ಸಿಪಾಯಿಗಳು ಇದೇ ತೀರ್ಪು ಹಿಡಿದು ಗೆದ್ದರು.

ಎಲ್ಲರೂ ಗೆಲ್ಲುವುದಿಲ್ಲ. ರಜೆಯಲ್ಲಿ ಊರಿಗೆ ಬಂದ ಒಬ್ಬ ಸಿಪಾಯಿ ಸ್ಕೂಟರ್ ಅಪಘಾತದಲ್ಲಿ ಗಾಯಗೊಂಡಿದ್ದ. 2011ರಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ಊನದ ಪಿಂಚಣಿ ಇಲ್ಲ ಎಂದಿತು. ಗಾಯಕ್ಕೂ ಸೇನೆಯ ಕೆಲಸಕ್ಕೂ ಸಂಬಂಧ ಬೇಕು ಎಂಬುದು ಅದರ ಮಾತು.

ಆದ್ದರಿಂದ ಗಾಯವಾದ ದಿನದ ಕಾಗದ ಬೇಕೇ ಬೇಕು. ಅದಕ್ಕೆ ಗಾಯದ ವರದಿ ಎನ್ನುತ್ತಾರೆ. ಎಲ್ಲಿ ಬಿದ್ದ, ಯಾವ ಕೆಲಸದಲ್ಲಿದ್ದ, ಯಾರು ಕಂಡರು ಎಂದು ಘಟಕದವರು ಅದರಲ್ಲಿ ಬರೆಯುತ್ತಾರೆ. ವಿಚಾರಣೆಯೂ ನಡೆಯಬಹುದು. ವರ್ಷಗಳಾದ ಮೇಲೆ ಬೋರ್ಡು ಕೂತಾಗ ಕಂಡವರು ಬೇರೆ ಬೇರೆ ಕಡೆ ಹೋಗಿರುತ್ತಾರೆ. ಕಾಗದ ಮಾತ್ರ ಉಳಿದಿರುತ್ತದೆ. ಮಗ ಫೋನಿನಲ್ಲಿ "ಸ್ವಲ್ಪ ಪೆಟ್ಟಾಗೇತವ್ವಾ, ಏನೂ ಇಲ್ಲ" ಅಂದರೆ "ವರದಿ ಬರೆಸೀಯೇನಪ್ಪಾ?" ಎಂದು ಕೇಳಿ. ತಾರೀಖನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಹಾಲಿನ ಲೆಕ್ಕ ಬರೆಯುವುದಿಲ್ಲವೆ? ಹಾಗೆ.

ಈಗ ಸ್ವಲ್ಪ ಲೆಕ್ಕ. ಪೆನ್ಸಿಲ್ ಹಿಡಿಯಿರಿ. 2023ಕ್ಕೆ ಮೊದಲು ಸೇವೆ ಬಿಟ್ಟವರ ಲೆಕ್ಕ ಇದು. ಊನ 100 ಇದ್ದರೆ, ಲೆಕ್ಕಕ್ಕೆ ಹಿಡಿಯುವ ಕೊನೆಯ ಸಂಬಳದಲ್ಲಿ ನೂರಕ್ಕೆ 30 ಪಾಲು ಊನದ ಹಣ. ಸಂಬಳ 40,000 ರೂಪಾಯಿ ಎಂದು ಹಿಡಿಯಿರಿ. ಊನ 100 ಇದ್ದರೆ ತಿಂಗಳಿಗೆ 12,000. ಊನ 20 ಇದ್ದರೆ 2,400. ಆದರೆ ಇಲ್ಲಿ ಇನ್ನೊಂದು ನಿಯಮ ಇದೆ. ಊನದಿಂದಾಗಿ ನಡುವೆಯೇ ಮನೆಗೆ ಕಳಿಸಿದವರಿಗೆ 1996ರಿಂದ ಅಂಕಿಯನ್ನು ಮೇಲಕ್ಕೆ ಏರಿಸುತ್ತಾರೆ. 50ಕ್ಕಿಂತ ಕಡಿಮೆ ಇದ್ದರೆ 50. 50ರಿಂದ 75ರವರೆಗೆ ಇದ್ದರೆ 75. ಅದಕ್ಕೂ ಮೇಲಿದ್ದರೆ 100. ಆಗ 2,400 ಇದ್ದದ್ದು 6,000 ಆಗುತ್ತದೆ. ಅವಧಿ ಮುಗಿಸಿ ಬಂದವರಿಗೂ ಇದು ಸಲ್ಲಬೇಕು ಎಂದು 2014ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೇಳಿತು. ಇದು ಊನದ ಭಾಗ ಮಾತ್ರ. ಸೇವೆಯ ಭಾಗ ಬೇರೆ ಇದೆ. ಯುದ್ಧದಲ್ಲಿ ಆದ ಗಾಯಕ್ಕೆ ದರವೇ ಹೆಚ್ಚು.

2023ರ ಸೆಪ್ಟೆಂಬರ್ 21ರಿಂದ ಹೊಸ ನಿಯಮ ಬಂದಿವೆ. ಆಮೇಲೆ ಸೇವೆ ಬಿಟ್ಟವರಿಗೆ ಅವು ಅನ್ವಯ. ಮೇಲೆ ಹೇಳಿದ ತೀರ್ಪುಗಳು ಹಳೆಯ ನಿಯಮದ ಮೇಲೆ ಬಂದವು. 'ನಮಗೆ ಯಾವ ನಿಯಮ?' ಎಂದು ಕೇಳುವುದನ್ನು ಮರೆಯಬೇಡಿ.

ಅಗ್ನಿವೀರ ಎಂದು 2022ರಿಂದ ನಾಲ್ಕು ವರ್ಷಕ್ಕೆ ಸೇರಿಸಿಕೊಳ್ಳುತ್ತಿದ್ದಾರೆ. ಅವರಿಗೆ ಪಿಂಚಣಿ ಇಲ್ಲ. ಸೇವೆಯಿಂದ ಊನವಾದರೆ ಒಮ್ಮೆಗೇ ಹಣ ಕೊಡುತ್ತಾರೆ. ಊನ 100 ಇದ್ದರೆ 44 ಲಕ್ಷ. 75 ಇದ್ದರೆ 25 ಲಕ್ಷ. 50 ಇದ್ದರೆ 15 ಲಕ್ಷ. ಅಲ್ಲಿಯೂ 'ಎಷ್ಟು, ಯಾಕೆ' ಎಂಬ ಎರಡೇ ಪ್ರಶ್ನೆ.

ಪಿಂಚಣಿ ಇಲ್ಲ ಎಂದು ಪತ್ರ ಬಂದರೆ ಏನು ಮಾಡುವುದು? ಅತ್ತು ಪೆಟ್ಟಿಗೆಯಲ್ಲಿ ಇಡಬೇಡಿ. ಪತ್ರದ ಮೇಲಿನ ತಾರೀಖು ನೋಡಿ. 6 ತಿಂಗಳೊಳಗೆ ಮೊದಲ ಮೇಲ್ಮನವಿ ಹಾಕಬೇಕು. ಅದೂ ಆಗಲಿಲ್ಲ ಎಂದರೆ ಮತ್ತೆ 6 ತಿಂಗಳೊಳಗೆ ಎರಡನೆಯದು. ಆಮೇಲೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಇದೆ. 2007ರ ಕಾಯ್ದೆಯಿಂದ ಬಂದದ್ದು. ದೆಹಲಿಯಲ್ಲಿ ಅದರ ಮುಖ್ಯ ಪೀಠ. ದಕ್ಷಿಣದಲ್ಲಿ ಚೆನ್ನೈ, ಕೊಚ್ಚಿಯಲ್ಲಿ ಪೀಠಗಳಿವೆ. ತಡವಾಗಿದ್ದರೆ ತಡದ ಕಾರಣ ಬರೆದು ಕೇಳಬಹುದು.

ಬೋರ್ಡಿನ ಕಾಗದದ ನಕಲು ಕೈಯಲ್ಲಿಲ್ಲವೆ? 2005ರ ಮಾಹಿತಿ ಹಕ್ಕಿನ ಕಾಯ್ದೆಯ ಕೆಳಗೆ ಸಿಪಾಯಿ ತನ್ನ ಕಾಗದ ಕೇಳಬಹುದು. ಅರ್ಜಿಗೆ 10 ರೂಪಾಯಿ. ಬಡತನದ ರೇಖೆಗಿಂತ ಕೆಳಗಿದ್ದರೆ ಅದೂ ಇಲ್ಲ. ಅರ್ಜಿ ಬರೆಯಲು ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯವರನ್ನು ಕೇಳಿ. ಆ ಕೆಲಸಕ್ಕೇ ಅವರು ಕೂತಿದ್ದಾರೆ. 'ಇಷ್ಟು ಕೊಡು, ಅಷ್ಟು ಮಾಡಿಸುತ್ತೇನೆ' ಎನ್ನುವ ದಲ್ಲಾಳಿಗೆ ಮೂಲ ಕಾಗದ ಕೊಡಬೇಡಿ.

ನಮ್ಮ ಹರಪನಹಳ್ಳಿ ತಾಲ್ಲೂಕಿನವರಿಗೆ ಇನ್ನೊಂದು ತೊಡಕು. ನಮ್ಮ ತಾಲ್ಲೂಕು ಮೊದಲು ಬಳ್ಳಾರಿ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಮತ್ತೆ ಬಳ್ಳಾರಿ. 2021ರಿಂದ ವಿಜಯನಗರ. ನಾವು ಮನೆ ಬಿಟ್ಟು ಕದಲಲಿಲ್ಲ, ಜಿಲ್ಲೆಯೇ ಕದಲಿತು! 2005ರಲ್ಲಿ ಸೇನೆ ಸೇರಿದವನ ದಾಖಲೆಯಲ್ಲಿ ದಾವಣಗೆರೆ ಜಿಲ್ಲೆ ಎಂದಿರುತ್ತದೆ. ಆಧಾರ್‌ನಲ್ಲಿ ವಿಜಯನಗರ ಎಂದಿರಬಹುದು. ಎರಡನ್ನೂ ಪಕ್ಕದಲ್ಲಿಟ್ಟು ಓದಿ. ನಿಮ್ಮ ಹೆಸರನ್ನೂ ಓದಿ. ಒಂದರಲ್ಲಿ ಅಮ್ಮ, ಇನ್ನೊಂದರಲ್ಲಿ ಅವ್ವ ಎಂದಿದ್ದರೆ ಈಗಲೇ ತಿದ್ದಿಸಿ. ಮುಂದೆ ಕುಟುಂಬ ಪಿಂಚಣಿ ಬರುವುದು ಆ ಹೆಸರಿಗೆ.

ಕಾಲು ಕಳೆದುಕೊಂಡವರಿಗೆ ಪುಣೆಯಲ್ಲಿ ಸೇನೆಯ ಕೃತಕ ಕಾಲಿನ ಕೇಂದ್ರವಿದೆ. 1944ರಿಂದ ನಡೆಯುತ್ತಿದೆ. ಪಿಂಚಣಿಯ ಜಗಳ ಮುಗಿಯಲಿ ಎಂದು ಕಾಯದೆ ಅದನ್ನೂ ವಿಚಾರಿಸಿ.

ಬರೆದು ನೋಡಿ

1. ಈ ಪದಗಳನ್ನು ಮೂರು ಸಲ ಬರೆಯಿರಿ: ಮಂಡಳಿ, ಗಾಯದ ವರದಿ, ಮೇಲ್ಮನವಿ, ನಕಲು.

2. ಒಬ್ಬ ಸಿಪಾಯಿಯನ್ನು 2015ರಲ್ಲಿ ಊನದಿಂದಾಗಿ ಮನೆಗೆ ಕಳಿಸಿದರು. ಸೇವೆಯಿಂದ ಬಂತು ಎಂದಿದೆ. ಊನ 60. ಅದನ್ನು ಎಷ್ಟಕ್ಕೆ ಏರಿಸುತ್ತಾರೆ? ಸಂಬಳ 40,000 ಇದ್ದರೆ ತಿಂಗಳಿಗೆ ಊನದ ಹಣ ಎಷ್ಟು?

3. ಪಿಂಚಣಿ ಇಲ್ಲ ಎಂಬ ಪತ್ರದ ಮೇಲೆ ಮಾರ್ಚ್ 10 ಎಂದಿದೆ. ಮೇಲ್ಮನವಿಗೆ ಕೊನೆಯ ದಿನ ಯಾವುದು? ಕ್ಯಾಲೆಂಡರಿನಲ್ಲಿ ಬೆರಳಿಟ್ಟು ತೋರಿಸಿ.